ಯಂತ್ರ ಹೇಳುವ ಹೊತ್ತು ಮನೆಯವರಿಗೆ ತಿಳಿಯಲಿ

ಬಟ್ಟೆ ಒಗೆದು ಮುಗಿಸಿದೊಡನೆ ಮೊಬೈಲಿಗೆ ಸುದ್ದಿ ಮುಟ್ಟಿಸುವ ಯಂತ್ರಗಳು ನಮ್ಮ ಜಿಲ್ಲೆಯ ಮನೆಗಳಿಗೂ ಬರತೊಡಗಿವೆ. ಇದು ಸಿರಿವಂತರ ಆಟಿಕೆ, ಯಂತ್ರ ಹೇಗೂ ಪೀಪಿ ಎನ್ನುತ್ತದಲ್ಲ ಎಂದು ಕೆಲವರು ಹೇಳುವುದುಂಟು. ಆದರೆ ಆಟಿಯ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಆ ಪೀಪಿ ಯಾರಿಗೆ ಕೇಳಿಸೀತು? ಒದ್ದೆ ಬಟ್ಟೆ ಒಳಗೇ ಉಳಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮೊಣಕಾಲು ನೋವಿನ ಹಿರಿಯರಿಗೆ ಮತ್ತೆ ಮತ್ತೆ ಎದ್ದು ಹೋಗಿ ನೋಡುವುದು ಸುಲಭವಲ್ಲ. ಆದುದರಿಂದ ಸೌಲಭ್ಯ ಒಳ್ಳೆಯದೇ. ಆದರೆ ಅದು ಹೇಳುವ ಹೊತ್ತು ಎಷ್ಟು ನಂಬಲರ್ಹ, ಯಾರಿಗೆ ತಲಪುತ್ತದೆ, ಯಾವ ಭಾಷೆಯಲ್ಲಿ ತಲಪುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳಲೇಬೇಕು.

ಯಂತ್ರದ ಫಲಕದಲ್ಲಿ ಕಾಣುವ ‘45 ನಿಮಿಷ ಬಾಕಿ’ ಎಂಬುದು ಬರೇ ಅಂದಾಜು. ನೊರೆ ಹೆಚ್ಚಾದರೆ ಕೆಲವು ಯಂತ್ರಗಳು ಮತ್ತೊಮ್ಮೆ ಜಾಲಿಸುತ್ತವೆ. ಬಟ್ಟೆ ಒಂದೇ ಬದಿಗೆ ಗಂಟುಕಟ್ಟಿದರೆ ಹಿಂಡುವ ಮೊದಲು ಹೊರಳಿಸಿ ಸರಿಪಡಿಸುತ್ತವೆ. ನೀರು ಬಿಸಿಮಾಡುವ ಯಂತ್ರವಾದರೆ ವೋಲ್ಟೇಜೂ ಲೆಕ್ಕಕ್ಕೆ ಬರುತ್ತದೆ. 10 ಲೀಟರ್ ನೀರನ್ನು 28 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸಿಗೆ ಏರಿಸಲು 2000 ವಾಟಿನ ಹೀಟರಿಗೆ 230 ವೋಲ್ಟಿನಲ್ಲಿ ಸುಮಾರು 11 ನಿಮಿಷ ಬೇಕು. ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಕೆಲಸಕ್ಕೆ 16 ನಿಮಿಷ ಹಿಡಿಯುತ್ತದೆ, ಏಕೆಂದರೆ ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಬಟ್ಟೆ ಮತ್ತು ಡ್ರಮ್ಮು ಹೀರುವ ಶಾಖ ಬೇರೆಯೇ. ಹೈಸ್ಕೂಲಿನ ಮಕ್ಕಳು ಮಾಡಬಲ್ಲ ಲೆಕ್ಕವಿದು.

ಆದುದರಿಂದ ‘ಮುಗಿಯಿತು’ ಎಂಬ ಮಾತು ಅಂದಾಜಿನಿಂದ ಹೊರಡಬಾರದು, ಯಂತ್ರ ಎಳೆಯುವ ಕರೆಂಟನ್ನು ನೋಡಿ ಹೊರಡಬೇಕು. ವಿದ್ಯುತ್ ಅಳೆಯುವ ಸ್ಮಾರ್ಟ್ ಪ್ಲಗ್ಗುಗಳು ಇದಕ್ಕೆ ಒದಗುತ್ತವೆ. ಹೀಟರ್ ಇರುವ ಯಂತ್ರಕ್ಕೆ 16 ಆಂಪಿಯರಿನದ್ದೇ ಲೇಸು. ಬಳಕೆ 5 ವಾಟಿಗಿಂತ ಕೆಳಗಿಳಿದು 5 ನಿಮಿಷ ಹಾಗೆಯೇ ನಿಂತರೆ ಕೆಲಸ ಮುಗಿದಿದೆಯೆಂದು ತಿಳಿಯುವಂತೆ ಏರ್ಪಡಿಸಬಹುದು. ನೆನೆಸುವಾಗಲೂ ಕರೆಂಟು ಇಳಿಯುವುದರಿಂದ ಈ ಕಾಯುವಿಕೆ ಅಗತ್ಯ. ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆ. ಎರಡು ಮೂರು ಸಲ ಒಗೆದು ನೋಡಿಯೇ ನಿಶ್ಚಯಿಸಬೇಕು. ಕರೆಂಟು ಹೋಗಿ ಬಂದ ಮೇಲೆ ಯಂತ್ರ ಅರ್ಧದಲ್ಲೇ ನಿಂತಿದ್ದರೂ ಪ್ಲಗ್ಗು ‘ಮುಗಿಯಿತು’ ಎಂದೀತು. ಅಂಥ ಸಂದರ್ಭಕ್ಕೆ ‘ಕರೆಂಟು ಹೋಗಿತ್ತು, ನೋಡಿ’ ಎಂಬ ಬೇರೆ ಸಂದೇಶವೇ ಇರಬೇಕು.

ಅಂದಾಜನ್ನು ಮುಂಚಿತವಾಗಿ ತಿಳಿಸುವುದಾದರೆ ಬಾಕಿ ನಿಮಿಷ ಹೇಳಿ ಫಲವಿಲ್ಲ. ‘45 ನಿಮಿಷ ಬಾಕಿ’ ಎಂಬ ಸಂದೇಶ 11.40ಕ್ಕೆ ಹೊರಟಿತೆನ್ನೋಣ. ಅಡುಗೆಮನೆಯಲ್ಲಿದ್ದವರು 12ಕ್ಕೆ ಓದಿದರೆ 12.45 ಎಂದು ಎಣಿಸುತ್ತಾರೆ. ‘12.25ರ ಹೊತ್ತಿಗೆ ಆದೀತು’ ಎಂದಿದ್ದರೆ ಯಾವಾಗ ಓದಿದರೂ ಅರ್ಥ ಒಂದೇ. ಆ ಹೊತ್ತು ಒಂದು ನಿಮಿಷ ಸರಿದಾಗಲೆಲ್ಲ ಹೊಸ ಸಂದೇಶ ಬರುವುದೂ ಬೇಡ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಮಾತ್ರ ಬರಲಿ.

ಇನ್ನು, ಆ 12.25 ಯಾರ ಗಡಿಯಾರದ್ದು? ಮನೆಯಲ್ಲಿ ಇಂಥ ಏರ್ಪಾಟು ಮಾಡಿಕೊಟ್ಟವನು ದುಬಾಯಿಯಲ್ಲಿರುವ ಮಗನಾಗಿರಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿನ ಸಮಯವನ್ನೇ ವ್ಯವಸ್ಥೆಗೆ ಕೊಟ್ಟಿದ್ದರೆ ಸಂದೇಶದಲ್ಲಿ ಬರುವುದು 10.55. ಅದೂ ಅವನ ಫೋನಿಗೆ, ಇಂಗ್ಲಿಷಿನಲ್ಲಿ! ಬಟ್ಟೆ ತೆಗೆದು ಹರಗಬೇಕಾದ ತಾಯಿಗೆ ಏನೂ ತಿಳಿಯದು. ಮಾಡಬೇಕಾದವರಿಗೆ ಮುಟ್ಟದ ಸುದ್ದಿ ಎಷ್ಟು ನಿಖರವಾಗಿದ್ದರೇನು?

ಕನ್ನಡದ ಅರ್ಜಿಗೆ ಕಚೇರಿಯಲ್ಲಿ ಮನ್ನಣೆ ಬೇಕೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯನ್ನು ಮುಂದಿಟ್ಟು ನಾವು ಕೇಳುತ್ತೇವೆ, ಕೇಳಲೇಬೇಕು. ಆದರೆ ನಮ್ಮದೇ ಮನೆಯ ಯಂತ್ರ ಕನ್ನಡದಲ್ಲಿ ಮಾತನಾಡಲು ಯಾವ ಸರಕಾರದ ಆದೇಶವೂ ಬೇಡ. ಹೋಮ್ ಅಸಿಸ್ಟೆಂಟ್‌ನಂತಹ ಮುಕ್ತ ತಂತ್ರಾಂಶದಲ್ಲಿ ಸಂದೇಶದ ವಾಕ್ಯವನ್ನು ನಾವೇ ಬರೆಯಬಹುದು, ಯಾರ ಯಾರ ಫೋನಿಗೆ ಹೋಗಬೇಕೆಂಬುದನ್ನೂ ನಾವೇ ನಿಶ್ಚಯಿಸಬಹುದು. ‘ಅಮ್ಮಾ, ಬಟ್ಟೆ 12.25ಕ್ಕೆ ಆದೀತು’ ಎಂದು ಕನ್ನಡದಲ್ಲಿ ಟೈಪು ಮಾಡಲು ಎಷ್ಟು ಹೊತ್ತು ಬೇಕು?

ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಎಷ್ಟೋ ಮಕ್ಕಳು ಇಂದು ಗಣಕಯಂತ್ರದ ಕೆಲಸದಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಯಂತ್ರವನ್ನು ಜೋಡಿಸಿಕೊಟ್ಟರೆ ಸಾಲದು. ಗಡಿಯಾರ ಊರಿನದ್ದಾಗಿರಲಿ, ಮಾತು ಮನೆಯದ್ದಾಗಿರಲಿ, ಸಂದೇಶ ತಾಯಿಯ ಫೋನಿಗೂ ಬರಲಿ. ಇಷ್ಟನ್ನು ಮಾಡಿಯೇ ಅವರು ಮರಳಿ ವಿಮಾನ ಹತ್ತಬೇಕು.