ಹಳೆಯ ಗರಗಸದ ಗಿರಣಿಗಳು ಗುಜರಿಯ ಪಾಲಾಗಬೇಕೆ?

ಶಿಲೆಯ ಗುಡಿಯೊಂದು ಕುಸಿದರೆ ನಾವು ಮರುಗುತ್ತೇವೆ; ತಾಮ್ರಶಾಸನವೊಂದು ಕಂಚುಗಾರನ ಕುಲುಮೆಗೆ ಬಿದ್ದಿತೆಂದು ಕೇಳಿದರೆ ಕೆರಳುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಎರಡು ಮೂರು ತಲೆಮಾರುಗಳಿಗೆ ಅನ್ನವಿಕ್ಕಿದ, ಸುತ್ತಣ ಹಳ್ಳಿಗಳ ಮನೆಗಳಿಗೆಲ್ಲ ತೊಲೆ ಜಂತಿಗಳನ್ನು ಒದಗಿಸಿದ ಮರ ಕೊಯ್ಯುವ ಗಿರಣಿಯೊಂದು ಬಾಗಿಲು ಮುಚ್ಚಿ, ಮಾಡಿನ ತಗಡು ಹಾರಿ, ಗಾಲಿಗಳಿಗೆ ಬಳ್ಳಿ ಹಬ್ಬಿ, ಕಡೆಗೊಂದು ದಿನ ತೂಕದ ಲೆಕ್ಕದಲ್ಲಿ ಗುಜರಿಯವನ ಲಾರಿಯನ್ನೇರಿದಾಗ ನಮ್ಮಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. “ಹಳೆಯ ಕಬ್ಬಿಣವಲ್ಲವೆ, ಹೋಗಲಿ” ಎಂಬಲ್ಲಿಗೆ ಎಲ್ಲವೂ ಮುಗಿಯುತ್ತದೆ. ಈ ಉದಾಸೀನತೆಯು ವಿವೇಕವೋ ಅವಿವೇಕವೋ ಎಂಬುದನ್ನು ವಾಚಕರ ಮುಂದಿಟ್ಟು ವಿಚಾರಿಸುವುದೇ ಇಂದು ನಮ್ಮ ಉದ್ದೇಶವು.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯ. ಚಕ್ರದಂತೆ ದುಂಡಾದ ಗರಗಸಕ್ಕೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯಲ್ ಮಿಲ್ಲರನೆಂಬವನು 1777ರಲ್ಲಿಯೇ ಪೇಟೆಂಟನ್ನು ಪಡೆದಿದ್ದನು. ಅದಕ್ಕೆ ಮೊದಲು ದಿಮ್ಮಿಯನ್ನು ಕೊಯ್ಯಬೇಕಾದರೆ ಒಬ್ಬನು ಮೇಲೆ, ಒಬ್ಬನು ಕೆಳಗೆ ನಿಂತು ದಿನವಿಡೀ ಗರಗಸವನ್ನೆಳೆಯಬೇಕಾಗಿತ್ತು. ಇಲ್ಲವೆ ನೀರಿನ ಬಲದಿಂದ ಮೇಲೆ ಕೆಳಗೆ ಆಡುವ ನೇರ ಗರಗಸವನ್ನು ನೆಚ್ಚಬೇಕಾಗಿತ್ತು. ಮೇಲಕ್ಕೆ ಹೋಗುವಾಗ ಆ ಗರಗಸಕ್ಕೆ ಕೆಲಸವಿಲ್ಲ. ದುಂಡು ಗರಗಸವಾದರೋ ತಿರುಗಿದಷ್ಟು ಹೊತ್ತೂ ಕೊಯ್ಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಲೋಕವನ್ನೆಲ್ಲ ವ್ಯಾಪಿಸಿದ್ದು ಈ ಗುಣದಿಂದಲೇ.

ಅದರ ದೋಷವೂ ಅಷ್ಟೇ ಸ್ಪಷ್ಟವಾದದ್ದು. ದೊಡ್ಡ ದುಂಡು ಗರಗಸವು ಪ್ರತಿಯೊಂದು ಕೊಯ್ತಕ್ಕೂ ಸುಮಾರು ಕಾಲು ಅಂಗುಲದಷ್ಟು ಮರವನ್ನು ಹೊಟ್ಟು ಮಾಡುತ್ತದೆ. ನಾಲ್ಕು ಹಲಗೆ ಕೊಯ್ದರೆ ಒಂದು ಹಲಗೆಯಷ್ಟು ಮರವು ಧೂಳಾಗಿ ಹೋದಂತೆ. ತೆಳ್ಳನೆಯ ಪಟ್ಟಿಗರಗಸವು ಇದರ ಅರ್ಧದಷ್ಟನ್ನು ಮಾತ್ರ ತಿನ್ನುತ್ತದೆ. ಮರವು ದುಬಾರಿಯಾದಂತೆ ದುಂಡು ಗರಗಸವು ಹಿಂದೆ ಬಿದ್ದಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ನಾವು ಹಳೆಯ ಯಂತ್ರವನ್ನು ಪುನಃ ವ್ಯಾಪಾರಕ್ಕೆ ಹೂಡಿರೆಂದು ಹೇಳುವವರಲ್ಲ. ಅದನ್ನು ವಿದ್ಯೆಗಾಗಿ ಉಳಿಸಿಕೊಳ್ಳಿರೆಂದು ಹೇಳುವವರು.

ಇದು ಆಗತಕ್ಕ ಕೆಲಸವೇ ಎಂದು ಸಂಶಯಪಡುವವರಿಗೆ ಅಮೇರಿಕೆಯ ಉದಾಹರಣೆಯೊಂದನ್ನು ಕೊಡುತ್ತೇವೆ. ಕ್ಯಾಲಿಫೋರ್ನಿಯಾ ಸಂಸ್ಥಾನದ ಸೆಬಾಸ್ಟೊಪೋಲ್ ಪಟ್ಟಣದ ಸಮೀಪದಲ್ಲಿ ಸ್ಟರ್ಜನ್ ಮನೆತನದ ಗಿರಣಿಯೊಂದಿದೆ. ಉಗಿಯ ಬಲದಿಂದ ನಡೆದು ಆ ಸೀಮೆಯ ರೆಡ್‌ವುಡ್ ದಿಮ್ಮಿಗಳನ್ನು ಕೊಯ್ಯುತ್ತಿದ್ದ ಆ ಗಿರಣಿಯು 1964ರಲ್ಲಿ ನಿಂತುಹೋಯಿತು. ಸುಮಾರು ಮೂವತ್ತು ವರ್ಷಗಳ ವರೆಗೆ ಅದನ್ನು ಮಳೆಯೂ ತುಕ್ಕೂ ಆಳಿದವು. 1993ರಲ್ಲಿ ಸ್ವಯಂಸೇವಕರ ಗುಂಪೊಂದು ಅದರ ಜೀರ್ಣೋದ್ಧಾರಕ್ಕೆ ಕೈಹಾಕಿತು. ಸಂಬಳವಿಲ್ಲದ ಜನರ ಬಿಡುವಿನ ವೇಳೆಯ ದುಡಿಮೆಯಿಂದ ಅದರ ಬಾಯಿಲರು ಮತ್ತೆ ಉಗಿ ಹಿಡಿಯಿತು, ಗರಗಸವು ಮತ್ತೆ ತಿರುಗಿತು. ವರ್ಷದಲ್ಲಿ ಗೊತ್ತುಮಾಡಿದ ಕೆಲವೇ ದಿನಗಳಂದು ಜನರು ಬಂದು ಅದು ಮರ ಕೊಯ್ಯುವುದನ್ನು ಕಣ್ಣಾರೆ ನೋಡುವಂತಾಯಿತು. ಅದೇ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಈಸ್ಟ್ ಮೆರೆಡಿತ್ ಎಂಬ ಚಿಕ್ಕ ಹಳ್ಳಿಯ ಹ್ಯಾನ್‌ಫರ್ಡ್ ಗಿರಣಿಯು 1967ರಲ್ಲಿ ನಿಂತಿತು. 1973ರಷ್ಟರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅಲ್ಲಿ ನೀರಿನ ಚಕ್ರವೇ ಗರಗಸವನ್ನು ತಿರುಗಿಸುವುದನ್ನು ಶಾಲೆಯ ಮಕ್ಕಳು ಬಂದು ನೋಡುತ್ತಾರೆ.

ಹೀಗೆ ಹಾಳುಬಿದ್ದ ಗಿರಣಿಯನ್ನು ಎತ್ತಿ ನಿಲ್ಲಿಸುವುದೆಂದರೆ ತುಕ್ಕು ಉಜ್ಜಿ ಬಣ್ಣ ಬಳಿಯುವುದೆಂದು ಯಾರೂ ಭಾವಿಸಬಾರದು. ಯಂತ್ರವನ್ನು ಹೊತ್ತ ಮರದ ಚೌಕಟ್ಟಿಗೆ ಗೆದ್ದಲು ಹತ್ತಿದ್ದರೆ ಅದನ್ನು ಮೊದಲು ಬದಲಿಸಬೇಕು. ದಿಮ್ಮಿಯನ್ನು ಹೊತ್ತು ಸಾಗುವ ಬಂಡಿಯ ಹಳಿಗಳು ನೂಲು ಹಿಡಿದಂತೆ ನೆಟ್ಟಗಿರಬೇಕು. ಗರಗಸವನ್ನು ಹೊತ್ತ ಉಕ್ಕಿನ ದಂಡವು ಎಳ್ಳಷ್ಟೂ ಬಾಗಿರಕೂಡದು; ಅದು ಕೂತು ತಿರುಗುವ ಬೇರಿಂಗುಗಳ ಬಿಳಿಲೋಹವು ಸವೆದಿದ್ದರೆ ಅದನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಗರಗಸದ ತಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ತಿರುಗಿಸುವುದು ಪ್ರಾಣಕ್ಕೆ ಅಪಾಯಕರವು. ಬಾಯಿಲರನ್ನಂತೂ ತಣ್ಣೀರಿನ ಒತ್ತಡದಿಂದ ಪರೀಕ್ಷಿಸಿ, ಇನ್‌ಸ್ಪೆಕ್ಟರರ ಒಪ್ಪಿಗೆ ಪಡೆಯದೆ ಅದರಡಿಯಲ್ಲಿ ಬೆಂಕಿ ಹಚ್ಚುವುದೇ ಅಪರಾಧ. ಈ ವಿಷಯದಲ್ಲಿ 1923ರ ಕಾಯದೆಯು ಬಹುಕಾಲ ನಡೆಯಿತು. 2025ರಲ್ಲಿ ಪಾರ್ಲಿಮೆಂಟು ಅದರ ಸ್ಥಾನಕ್ಕೆ ಹೊಸ ಕಾಯದೆಯನ್ನು ಮಾಡಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದುಂಟು. ಒಳ್ಳೆಯ ದುಂಡು ಗರಗಸದ ತಟ್ಟೆಯು ನಿಂತಾಗ ಸಂಪೂರ್ಣ ಬಿಗಿಯಾಗಿರುವುದಿಲ್ಲ. ನುರಿತ ಮೇಸ್ತ್ರಿಯು ಅದರ ನಡುಭಾಗವನ್ನು ಸುತ್ತಿಗೆಯಿಂದ ಹದವರಿತು ಬಡಿದು ಕೊಂಚ ಸಡಿಲಗೊಳಿಸಿರುತ್ತಾನೆ. ವೇಗವಾಗಿ ತಿರುಗುವಾಗ ಅಂಚು ಹೊರಕ್ಕೆ ಹಿಗ್ಗಲೆಳಸುತ್ತದೆ. ನಡುವಿನ ಸಡಿಲು ಅದಕ್ಕೆ ಅವಕಾಶ ಕೊಡುವುದರಿಂದ ತಟ್ಟೆಯು ಆ ವೇಗದಲ್ಲಿ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಬಡಿತ ಹೆಚ್ಚಾದರೂ ಕಡಿಮೆಯಾದರೂ ಗರಗಸವು ಓಲಾಡಿ, ಕಾದು, ಹಲಗೆಯನ್ನು ಸೊಟ್ಟಗೆ ಕೊಯ್ಯುತ್ತದೆ. ಈ ವಿದ್ಯೆಯನ್ನು ಪುಸ್ತಕದಿಂದ ಕಲಿತವರು ಅಪರೂಪ. ಅದು ಮೇಸ್ತ್ರಿಯ ಕಿವಿಯಲ್ಲಿಯೂ ಅಂಗೈಯಲ್ಲಿಯೂ ವಾಸಿಸುತ್ತದೆ. ಗಿರಣಿಯು ಗುಜರಿಗೆ ಹೋದರೆ ಹೋಗುವುದು ಕಬ್ಬಿಣವೊಂದೇ ಅಲ್ಲ, ಈ ವಿದ್ಯೆಯೂ ಹೋಗುತ್ತದೆ. ಕಬ್ಬಿಣವನ್ನು ಮತ್ತೆ ಕೊಳ್ಳಬಹುದು. ಸತ್ತ ವಿದ್ಯೆಯನ್ನು ಯಾವ ಸಂತೆಯಲ್ಲಿ ಕೊಳ್ಳೋಣ?

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. “ಕಾಡುಗಳನ್ನು ನುಂಗಿದ ಬಾಯಿ ಇದೇ ಅಲ್ಲವೆ? ಇದಕ್ಕೇಕೆ ಪೂಜೆ?” ಎಂದು ಕೆಲವರು ಕೇಳುವರು. ಪ್ರಶ್ನೆಯು ನ್ಯಾಯವಾದದ್ದು, ಅದನ್ನು ತಳ್ಳಿಹಾಕುವವರು ನಾವಲ್ಲ. ಆದರೆ ನಾವು ಕೇಳುವುದು ಪೂಜೆಯನ್ನಲ್ಲ, ಸಾಕ್ಷ್ಯವನ್ನು. ಮೊಕದ್ದಮೆಯಲ್ಲಿ ಆಯುಧವನ್ನು ಜೋಪಾನವಾಗಿ ಇಡುವುದು ಕೊಲೆಯನ್ನು ಹೊಗಳುವುದಕ್ಕಲ್ಲ, ನಡೆದುದನ್ನು ತಿಳಿಯುವುದಕ್ಕಾಗಿ. ಒಂದು ದಿಮ್ಮಿಯಿಂದ ಎಷ್ಟು ಹಲಗೆ, ಎಷ್ಟು ಹೊಟ್ಟು ಎಂಬುದನ್ನು ಕಣ್ಣೆದುರಿಗೆ ಕಂಡ ಹುಡುಗನಿಗೆ ಮರದ ಬೆಲೆಯನ್ನು ಬೇರೆ ಬೋಧಿಸಬೇಕಾಗಿಲ್ಲ.

ಎರಡನೆಯ ಆಕ್ಷೇಪವು ಕಾಯದೆಯದು, ಮತ್ತು ಇದು ಬಲವಾದುದು. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು, ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಕಾಡಿನಲ್ಲಿ ನಡೆಯುವ ಅರಣ್ಯೇತರ ಕೆಲಸಗಳು ನಿಲ್ಲತಕ್ಕವೆಂದು ಆಜ್ಞಾಪಿಸುವಾಗ ಗರಗಸದ ಗಿರಣಿಗಳನ್ನು ಹೆಸರಿಸಿಯೇ ಹೇಳಿತು. 2002ರ ಅಕ್ಟೋಬರ್ 30ರ ಆಜ್ಞೆಯು, ಕೇಂದ್ರ ಉನ್ನತಾಧಿಕಾರ ಸಮಿತಿಯ ಅನುಮತಿಯಿಲ್ಲದೆ ಯಾವ ಸಂಸ್ಥಾನವೂ ಹೊಸ ಗಿರಣಿಯನ್ನು ತೆರೆಯಗೊಡಬಾರದೆಂದಿತು. 2016ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗದರ್ಶಿ ನಿಯಮಗಳು ಪರವಾನಿಗೆಯ ವಿಚಾರಣೆಯನ್ನು ರಾಜ್ಯಮಟ್ಟದ ಸಮಿತಿಗಳಿಗೆ ಒಪ್ಪಿಸಿದವು. ಈ ಆಜ್ಞೆಗಳಿಂದ ಕಾಡಿಗೆ ಉಪಕಾರವಾಯಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಳ್ಳಮರವನ್ನು ಕೊಯ್ಯುವ ಗಿರಣಿಗೂ, ವರ್ಷಕ್ಕೆ ನಾಲ್ಕಾರು ದಿನ ಲೆಕ್ಕವಿಟ್ಟ ನಾಲ್ಕಾರು ದಿಮ್ಮಿಗಳನ್ನು ಮಕ್ಕಳ ಮುಂದೆ ಕೊಯ್ಯುವ ಗಿರಣಿಗೂ ಭೇದವಿದೆ. ಆ ಭೇದವನ್ನು ನಿಯಮಗಳಲ್ಲಿಯೇ ಬಾಯಿಬಿಟ್ಟು ಹೇಳುವುದು ಯೋಗ್ಯವೆಂದು ನಮ್ಮ ಅಭಿಪ್ರಾಯ.

ಮೂರನೆಯದು ವಯಸ್ಸಿನ ತೊಡಕು. ನಮ್ಮ 1958ರ ಪುರಾತನ ಸ್ಮಾರಕಗಳ ಕಾಯದೆಯು ನೂರು ವರ್ಷ ತುಂಬದ ಕಟ್ಟಡವನ್ನು ಪುರಾತನವೆನ್ನುವುದಿಲ್ಲ. 1972ರ ಪ್ರಾಚ್ಯವಸ್ತುಗಳ ಕಾಯದೆಯೂ ಸಾಮಾನ್ಯ ವಸ್ತುಗಳಿಗೆ ಅದೇ ಗಡುವನ್ನು ಹಾಕಿದೆ. ಕೆನಡಾ ದೇಶದ ಪೋರ್ಟ್ ಆಲ್ಬರ್ನಿಯ ಮ್ಯಾಕ್ಲೀನ್ ಗಿರಣಿಯನ್ನು ನೋಡಿರಿ: ಅದು ಹುಟ್ಟಿದ್ದು 1926ರಲ್ಲಿ, ನಿಂತಿದ್ದು 1965ರಲ್ಲಿ, 1989ರಲ್ಲಿಯೇ ಆ ದೇಶವು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಸಾರಿತು. ಆಗ ಅದರ ವಯಸ್ಸು 63. ಅದೇ ಗಿರಣಿಯು ನಮ್ಮಲ್ಲಿದ್ದಿದ್ದರೆ ನೂರು ತುಂಬುವ ಮೊದಲೇ ಗುಜರಿಯವನು ಅದರ ಆಯುಷ್ಯವನ್ನು ಮುಗಿಸುತ್ತಿದ್ದನು. ಶಿಲೆಗೆ ತಕ್ಕ ಗಡುವು ಯಂತ್ರಕ್ಕೆ ತಕ್ಕುದಲ್ಲ. ಶಿಲೆಯು ನೂರು ವರ್ಷ ಕಾಯುತ್ತದೆ. ಮಲೆಯ ಮಳೆಯಲ್ಲಿ ಕಬ್ಬಿಣವು ಕಾಯುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಪ್ರತಿಯೊಂದು ಜಿಲ್ಲೆಯಲ್ಲಿಯೂ ನಿಂತುಹೋದ ಗಿರಣಿಗಳ ಪಟ್ಟಿಯಾಗಬೇಕು. ಮಾರಾಟಕ್ಕೆ ಮುಂಚೆ ಚಿತ್ರ, ಅಳತೆ, ಯಂತ್ರದ ಮೇಲಿನ ಅಕ್ಷರಗಳನ್ನಾದರೂ ಬರೆದಿಟ್ಟುಕೊಳ್ಳಬೇಕು. ಬದುಕಿರುವ ಹಳೆಯ ಮೇಸ್ತ್ರಿಗಳ ಮಾತುಗಳನ್ನು ಅವರ ಕಸುಬಿನ ಶಬ್ದಗಳ ಸಹಿತ ಸಂಗ್ರಹಿಸಬೇಕು. ಜಿಲ್ಲೆಗೊಂದನ್ನಲ್ಲದಿದ್ದರೂ ಸೀಮೆಗೊಂದನ್ನಾದರೂ ಪ್ರದರ್ಶನಕ್ಕೆಂದು ಉಳಿಸಿಕೊಳ್ಳಬೇಕು. ಅದಕ್ಕೆ ಬೇಕಾದ ದಿಮ್ಮಿಯು ಸರಕಾರದ ಹರಾಜಿನಿಂದ ರಸೀದಿ ಸಹಿತ ಬಂದದ್ದಾಗಿರಬೇಕು. ಇಂಥ ಕೆಲಸಕ್ಕೆ ಕೈಹಾಕುವ ತರುಣರು ಪರವಾನಿಗೆಯಿಲ್ಲದೆ ಒಂದು ಗಾಲಿಯನ್ನೂ ತಿರುಗಿಸಬಾರದು. ಅರ್ಜಿಯು ಮೊದಲು, ಉತ್ಸಾಹವು ಆಮೇಲೆ.

ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51-ಎ ಅನುಚ್ಛೇದವು ಪೌರನ ಕರ್ತವ್ಯಗಳನ್ನೆಣಿಸುವಾಗ, ಪರಂಪರೆಯನ್ನು ಕಾಪಾಡುವುದನ್ನೂ ಕಾಡನ್ನು ಕಾಪಾಡುವುದನ್ನೂ ಒಂದರ ಪಕ್ಕಕ್ಕೊಂದನ್ನು ಇರಿಸಿದೆ. ಇವೆರಡೂ ಒಂದಕ್ಕೊಂದು ವಿರೋಧವೆಂದು ಅದನ್ನು ಬರೆದವರು ಭಾವಿಸಲಿಲ್ಲ, ನಾವೂ ಭಾವಿಸಬೇಕಾಗಿಲ್ಲ. ಹಿತ್ತಲಿನಲ್ಲಿ ಹಳೆಯ ಗಿರಣಿಯುಳ್ಳ ಮಾಲೀಕರಲ್ಲಿ ನಮ್ಮದೊಂದೇ ಬಿನ್ನಹ: ಗುಜರಿಯವನು ಬೆಲೆ ಕೂಗಿದ ದಿನ, ಹೌದೆನ್ನುವ ಮೊದಲು ನಿಮ್ಮೂರಿನ ಶಾಲೆಯ ಉಪಾಧ್ಯಾಯರಿಗೊಮ್ಮೆ ಹೇಳಿ ಕಳುಹಿಸಿರಿ. ಅವರು ಬಂದು ನೋಡಿದ ಮೇಲೆ ಏನು ಮಾಡುವುದೆಂಬುದನ್ನು ಊರೇ ತೀರ್ಮಾನಿಸಲಿ.