ಧನುಷ್ಕೋಟಿ: ಗಾಳಿ ಕೊಂದದ್ದೆಷ್ಟು, ಕಾಗದ ಕೊಂದದ್ದೆಷ್ಟು?

ನಮ್ಮ ಸುಳ್ಯ, ಪುತ್ತೂರು ಕಡೆಯಿಂದ ರಾಮೇಶ್ವರಕ್ಕೆ ಟೂರು ಹೋಗುವ ಬಸ್ಸುಗಳು ಈಗ ಇನ್ನೂ ಸ್ವಲ್ಪ ಮುಂದೆ ಹೋಗಿ ಧನುಷ್ಕೋಟಿಯನ್ನೂ ತೋರಿಸಿಕೊಂಡು ಬರುತ್ತವೆ. 2017ರಲ್ಲಿ ಅರಿಚಲ್‌ಮುನೈ ತುದಿಯವರೆಗೆ ಡಾಮರು ರಸ್ತೆ ಆದ ಮೇಲೆ ಅದೇನೂ ಕಷ್ಟವಲ್ಲ. ಹೋದವರು ಮುರುಕಲು ಇಗರ್ಜಿಯ ಗೋಡೆ ಎದುರು ಫೋಟೋ ಹೊಡೆಸಿಕೊಳ್ಳುತ್ತಾರೆ, ಮಕ್ಕಳಿಗೆ ಶಂಖ ಕೊಳ್ಳುತ್ತಾರೆ, "ಪಾಪ, ಒಂದೇ ರಾತ್ರಿಗೆ ಊರೇ ಹೋಯಿತಂತೆ" ಎಂದು ಬಸ್ಸು ಹತ್ತುತ್ತಾರೆ. ಗೈಡು ಹೇಳುವುದೂ ಅಷ್ಟೇ. ಅದು ಅರ್ಧ ಕತೆ ಮಾರಾಯ್ರೆ. ಉಳಿದರ್ಧ ನಮ್ಮದೇ ತಾಲೂಕಿನ ರಬ್ಬರ್ ತೋಟಗಳಲ್ಲಿದೆ, ದಿನಾ ಸಂಜೆ ನಮ್ಮ ಜತೆಯೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಊರಿಗೆ ಹೋಗುತ್ತದೆ.

ಮೊದಲು ಆ ಸ್ಟೇಷನ್ ಹುಟ್ಟಿದ್ದು ಹೇಗೆ ಎಂದು ನೋಡುವ. ಸಿಲೋನಿಗೆ ಹೋಗುವವರು ಹಿಂದೆ ತೂತುಕುಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕೊಲಂಬೋಗೆ ರಾತ್ರಿಯಿಡೀ ಹಡಗಿನಲ್ಲಿ ವಾಂತಿ ಮಾಡಿಕೊಂಡು ಹೋಗಬೇಕಿತ್ತು. 1914ರ ಫೆಬ್ರವರಿಯಲ್ಲಿ ಪಾಂಬನ್ ಕಡಲ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ತುಸು ಹೆಚ್ಚು ಉದ್ದ, ನಡುವೆ ಹಡಗು ಬಂದಾಗ ಎರಡು ಕೈ ಎತ್ತಿದ ಹಾಗೆ ತೆರೆದುಕೊಳ್ಳುವ ಕಬ್ಬಿಣದ ಅಂಕಣ. ಸೌತ್ ಇಂಡಿಯನ್ ರೈಲ್ವೆ ಕಂಪೆನಿಯವರು ಸೇತುವೆ ದಾಟಿಸಿ ಹಳಿಯನ್ನು ದ್ವೀಪದ ಕೊನೇ ಮರಳಿನವರೆಗೂ ಒಯ್ದರು. ಅದೇ ಧನುಷ್ಕೋಟಿ. ಅಲ್ಲಿಂದ ತಲೈಮನ್ನಾರಿಗೆ ಕಡಲಲ್ಲಿ ಸುಮಾರು 35 ಕಿಲೋಮೀಟರು ಮಾತ್ರ. ಬೋಟ್ ಮೇಲ್ ತೂತುಕುಡಿ ಬಿಟ್ಟು ಈ ಕಡೆ ತಿರುಗಿತು. ಒಂದು ಸ್ಟೇಷನ್ನಿನ ಹೊಟ್ಟೆ ತುಂಬಬೇಕಾದರೆ ಇನ್ನೊಂದರ ಅನ್ನ ಹೋಗಬೇಕು ಎಂಬುದು ರೈಲ್ವೆಯಲ್ಲಿ ಹೊಸ ಮಾತೇನಲ್ಲ.

ವ್ಯವಸ್ಥೆ ಮಾತ್ರ ಒಪ್ಪತಕ್ಕದ್ದೇ. ಮದರಾಸಿನ ಎಗ್ಮೋರಿನಲ್ಲಿ ಟಿಕೇಟು ತೆಗೆದರೆ ಅದೇ ಟಿಕೇಟು ಕೊಲಂಬೋ ಕೋಟೆ ಸ್ಟೇಷನ್ನಿನವರೆಗೂ ನಡೆಯುತ್ತಿತ್ತು. ರೈಲು ಧನುಷ್ಕೋಟಿಯ ಕಟ್ಟೆ ಮೇಲೆ ಬಂದು ನಿಲ್ಲುವುದು, ಜನ ಇಳಿದು ಹಡಗು ಹತ್ತುವುದು, ಆಚೆ ದಡದಲ್ಲಿ ಸಿಲೋನಿನ ರೈಲು ಕಾದು ನಿಂತಿರುವುದು. ಹಡಗುಗಳಿಗೆ ಇರ್ವಿನ್, ಗೋಷೆನ್ ಎಂದು ದೊರೆಗಳ ಹೆಸರು; ಒಬ್ಬ ವೈಸರಾಯಿ, ಇನ್ನೊಬ್ಬ ಮದರಾಸಿನ ಗವರ್ನರು. ಸ್ಟೇಷನ್ ಬಂದ ಮೇಲೆ ಕಸ್ಟಮ್ಸ್ ಬಂತು, ಅಂಚೆ-ತಂತಿ ಬಂತು, ಶಾಲೆ, ಆಸ್ಪತ್ರೆ, ಛತ್ರ, ಇಗರ್ಜಿ, ದೇವಸ್ಥಾನ ಎಲ್ಲ ಬಂತು. ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೈಲು ನಿಂತಲ್ಲಿ ಜನ ಇಳಿಯುತ್ತಾರೆ, ಜನ ಇಳಿದಲ್ಲಿ ಚಾ ಬೇಯುತ್ತದೆ. ಪಾಂಬನ್ನಿನಿಂದ ಮೇನ್ ಲೈನು ಹೋಗುತ್ತಿದ್ದದ್ದು ಧನುಷ್ಕೋಟಿಗೆ. ದೇವರಿರುವ ರಾಮೇಶ್ವರಕ್ಕೆ ಹೋಗುತ್ತಿದ್ದದ್ದು ಬರೀ ಬ್ರಾಂಚ್ ಲೈನು ಎಂದರೆ ಈಗ ಯಾರೂ ನಂಬುವುದಿಲ್ಲ.

ಆದರೆ ಇಷ್ಟೆಲ್ಲ ಖರ್ಚು ಮಾಡಿದ್ದು ಯಾತ್ರಿಕರ ಪುಣ್ಯಕ್ಕೋ? ಅಲ್ಲವೇ ಅಲ್ಲ. ಸಿಲೋನಿನ ಗುಡ್ಡಗಳಲ್ಲಿ ಬ್ರಿಟಿಷರ ಚಹಾ ತೋಟ, ರಬ್ಬರ್ ತೋಟ ಇದ್ದವು. ಅವಕ್ಕೆ ತಮಿಳು ಜಿಲ್ಲೆಗಳ ಬಡವರ ಕೈ ಬೇಕಿತ್ತು. ಕಂಗಾಣಿಗಳು ಊರೂರಿಂದ ಕೂಲಿಗಳನ್ನು ಎತ್ತಿ ತರುತ್ತಿದ್ದರು. ಮಂಡಪದಲ್ಲಿ ಸಿಲೋನ್ ಸರಕಾರದ್ದೇ ಕ್ಯಾಂಪು. ರೋಗ ಇದೆಯೇ ಇಲ್ಲವೇ ಎಂದು ನೋಡಿ ದಿನಗಟ್ಟಲೆ ಇಟ್ಟು ಆಮೇಲೆ ಹಡಗಿಗೆ ಬಿಡುವುದು. ಸಾಹೇಬರು ಫಸ್ಟ್ ಕ್ಲಾಸಿನಲ್ಲಿ, ಚೆಟ್ಟಿಯಾರರು ಲೆಕ್ಕದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಕೂಲಿಗಳು ಡೆಕ್ಕಿನ ಮೇಲೆ. ಸ್ಟೇಷನ್ನಿನ ಗಲ್ಲಾ ತುಂಬಿದ್ದು ಈ ಮೂರನೇ ದರ್ಜೆಯವರಿಂದ.

ಅದಕ್ಕೇ ನಾವು ಹೇಳುವುದು, ಧನುಷ್ಕೋಟಿಗೆ ಗ್ರಹಣ ಹಿಡಿದದ್ದು 1964ರಲ್ಲಿ ಅಲ್ಲ, 1948ರಲ್ಲಿ ಎಂದು. ಸಿಲೋನ್ ಸ್ವತಂತ್ರವಾದ ಅದೇ ವರ್ಷ ಅಲ್ಲಿ ಪೌರತ್ವದ ಕಾನೂನು ಬಂತು. ತಲೆಮಾರುಗಟ್ಟಲೆ ಚಹಾ ಚಿಗುರು ಕಿತ್ತ ಜನ ಒಂದು ಕಾಗದದಲ್ಲಿ ಯಾವ ದೇಶಕ್ಕೂ ಸೇರದವರಾದರು. ಮದುವೆಗೆ, ಮುಂಜಿಗೆ, ಸಾವಿಗೆ ಎಂದು ಆಚೆ ಈಚೆ ಹೋಗಿ ಬರುತ್ತಿದ್ದ ಕಡಲಿಗೆ ಪಾಸ್‌ಪೋರ್ಟು ವೀಸಾಗಳ ಬೇಲಿ ಬಂತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಿಕೆಯವರೂ ಕೂತು ಸಹಿ ಹಾಕಿದರು. ಒಟ್ಟು ಒಂಬತ್ತು ಮುಕ್ಕಾಲು ಲಕ್ಷ ಜನ. 5,25,000 ನಿಮಗೆ, 3 ಲಕ್ಷ ನಮಗೆ, ಉಳಿದ ಒಂದೂವರೆ ಲಕ್ಷದ ಮಾತು ಮತ್ತೆ ನೋಡುವ ಎಂದು. ಆ ಉಳಿದವರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಪಾಲು ಮಾಡಿ ಮುಗಿಸಿದರು. ದನದ ಸಂತೆಯಲ್ಲಾದರೂ ಹಲ್ಲು ನೋಡುತ್ತಾರೆ. ಈ ಜನರನ್ನು ನಿಮಗೆಲ್ಲಿ ಇರಬೇಕು ಎಂದು ಕೇಳಿ ಪಾಲು ಮಾಡಲಿಲ್ಲ.

ಆ ಸಹಿಗೆ ಎರಡು ತಿಂಗಳು ತುಂಬುವ ಮೊದಲೇ ಬಿರುಗಾಳಿ ಬಂತು. ಡಿಸೆಂಬರ್ 22ರ ರಾತ್ರಿ. ಪಾಂಬನ್ನಿನಿಂದ ಹೊರಟ 653ನೇ ನಂಬ್ರದ ಪ್ಯಾಸೆಂಜರ್ ರೈಲು ಧನುಷ್ಕೋಟಿಯ ಹತ್ತಿರ ಬರುತ್ತಿದ್ದಾಗ ಕಡಲೇ ಎದ್ದು ಅದರ ಮೇಲೆ ಬಿತ್ತು. ಲೆಕ್ಕಕ್ಕೆ ಸಿಕ್ಕವರೇ 115 ಮಂದಿ. ಟಿಕೇಟಿಲ್ಲದೆ ಕೂತವರನ್ನು ಯಾರು ಎಣಿಸಿದ್ದಾರೆ? ಸ್ಟೇಷನ್, ಕಟ್ಟೆ, ಪೇಟೆ ಎಲ್ಲ ಹೋಯಿತು. ಇದನ್ನು ನಾವು ಹೆಚ್ಚು ಬರೆಯುವುದಿಲ್ಲ, ಫೋಟೋ ಹೊಡೆಸಿಕೊಂಡು ಬಂದವರಿಗೆಲ್ಲ ಗೊತ್ತಿದೆ.

ಬರೆಯಬೇಕಾದದ್ದು ಆಮೇಲಿನದ್ದು. ಅದೇ ಗಾಳಿಯಲ್ಲಿ ಪಾಂಬನ್ ಸೇತುವೆಯೂ ಹೋಗಿತ್ತು. 126 ತೊಲೆಗಳು ಕಡಲಿಗೆ ಬಿದ್ದಿದ್ದವು, ನಡುವಿನ ತೆರೆಯುವ ಅಂಕಣ ಮಾತ್ರ ನಿಂತಿತ್ತು. ಆರು ತಿಂಗಳು ಬೇಕು ಎಂದು ಲೆಕ್ಕ ಹಾಕಿದರು, ಮೇಲಿನವರು ಮೂರು ತಿಂಗಳಲ್ಲಿ ಮುಗಿಸಿ ಎಂದರು. 32 ವರ್ಷದ ಒಬ್ಬ ಎಂಜಿನಿಯರ್ 46 ದಿನದಲ್ಲಿ ರೈಲು ಓಡಿಸಿಯೇ ಬಿಟ್ಟ. ಹೆಸರು ಇ. ಶ್ರೀಧರನ್. ಮುಂದೆ ನಮ್ಮ ಮಂಗಳೂರಿಗೆ ಕೊಂಕಣ ರೈಲು ತಂದವರು ಅವರೇ. ಬಿದ್ದ ತೊಲೆಗಳನ್ನೇ ನೀರಿನಿಂದ ಎತ್ತಿಸಿ ಕೂರಿಸಿದರು. ಅಂದರೆ ಮನಸ್ಸು ಮಾಡಿದರೆ ಕಡಲಿನೊಳಗಿನ ಕೆಲಸಕ್ಕೂ ಒಂದೂವರೆ ತಿಂಗಳು ಸಾಕು. ಧನುಷ್ಕೋಟಿಗೆ ಮನಸ್ಸು ಮಾಡಲಿಲ್ಲ. ಜನ ವಾಸಕ್ಕೆ ಯೋಗ್ಯವಲ್ಲ ಎಂದು ಮದರಾಸು ಸರಕಾರ ಬರೆದುಬಿಟ್ಟಿತು. ಬ್ರಾಂಚ್ ಲೈನಿನ ರಾಮೇಶ್ವರವೇ ಕೊನೇ ಸ್ಟೇಷನ್ ಆಯಿತು.

ಆ ಮರಳು ದಿನ್ನೆಯಲ್ಲಿ ಪುನಃ ಊರು ಕಟ್ಟಬೇಕಿತ್ತು ಎಂದು ನಾವು ವಾದಿಸುವುದಿಲ್ಲ. ಕಡಲು ಇನ್ನೊಮ್ಮೆ ಬರುವುದಿಲ್ಲ ಎಂದು ಯಾರು ಜಾಮೀನು ಕೊಡುತ್ತಾರೆ? ಆದರೆ ವಾಸಯೋಗ್ಯವಲ್ಲ ಎಂದ ಮೇಲೆ ವಾಸಕ್ಕೆ ಬೇರೆ ಜಾಗ ಕೊಟ್ಟು ಬದುಕಿಗೆ ದಾರಿ ಮಾಡಬೇಕಲ್ಲ? ಮೀನುಗಾರರಿಗೆ ಬಲೆ ಹಾಕುವ ಕಡಲು ಅಲ್ಲೇ ಇರುವುದು. ಅವರು ತಿರುಗಿ ಅಲ್ಲಿಗೇ ಬಂದು ಗುಡಿಸಲು ಹಾಕಿದರು. ಊರು ಕಾಗದದಲ್ಲಿ ಇಲ್ಲವಲ್ಲ, ಹಾಗಾಗಿ ದಶಕಗಟ್ಟಲೆ ಕರೆಂಟು ಇಲ್ಲ, ಮರಳು ತೋಡಿ ಒಸರಿದ ನೀರೇ ಕುಡಿಯುವುದು. ನಮ್ಮಲ್ಲಿ 1996ರಿಂದ 2007ರ ಕೊನೆಯವರೆಗೆ ಗೇಜ್ ಬದಲಾವಣೆಗೆಂದು ಶಿರಾಡಿ ಕಾಡಿನ ದಾರಿಯಲ್ಲಿ ಪ್ರಯಾಣಿಕರ ರೈಲು ಇಲ್ಲದಾಗ ಸುಬ್ರಹ್ಮಣ್ಯ ರೋಡಿನ ಅಂಗಡಿಯವರು ಹೇಗಿದ್ದರು, ಒಮ್ಮೆ ನೆನಪು ಮಾಡಿಕೊಳ್ಳಿ. ಅವರಿಗೆ ಪುನಃ ಬರುತ್ತದೆ ಎಂಬ ಆಸೆಯಾದರೂ ಇತ್ತು.

ಹಡಗು ಮಾತ್ರ ನಿಲ್ಲಲಿಲ್ಲ, ರಾಮೇಶ್ವರದಿಂದ ಹೊರಡತೊಡಗಿತು. ಒಪ್ಪಂದದ ಜನರನ್ನು ಸಾಗಿಸಬೇಕಿತ್ತಲ್ಲ! ಗುಡ್ಡದ ತೋಟಗಳಿಂದ ತಲೈಮನ್ನಾರಿಗೆ ಬರುತ್ತಿದ್ದ ಆ ರೈಲಿಗೆ ಆ ಜನ ಇಟ್ಟ ಹೆಸರು ಒಪ್ಪಾರಿ ಕೋಚಿ. ಕೋಚಿ ಅಂದರೆ ಅವರ ಮಾತಿನಲ್ಲಿ ರೈಲು. ಒಪ್ಪಾರಿ ಅಂದರೆ ಸತ್ತವರ ಮನೆಯ ಅಳು. ಹುಟ್ಟಿದ್ದು ಅಲ್ಲಿ, ಕಳಿಸಿದ್ದು ಇಲ್ಲಿಗೆ. ಎಷ್ಟೋ ಜನ ಭಾರತವನ್ನು ಮೊದಲ ಸಲ ನೋಡಿದ್ದೇ ಆ ಹಡಗಿನ ಮೇಲಿಂದ. ಇಳಿದ ಮೇಲೆ ಪುನಃ ಮಂಡಪದ ಕ್ಯಾಂಪು. ಅಜ್ಜನನ್ನು ಅತ್ತ ಕಳಿಸಿದ ಹಾಗೆಯೇ ಮೊಮ್ಮಕ್ಕಳನ್ನು ಇತ್ತ ಹಂಚಿದರು. ಕೆಲವರು ನೀಲಗಿರಿಗೆ, ಕೆಲವರು ಕೇರಳಕ್ಕೆ, ಕೆಲವರು 1970ರ ದಶಕದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಕ್ಕೆ. ಅಂದರೆ ನಮ್ಮ ಸುಳ್ಯ, ಪುತ್ತೂರಿಗೆ. 1983ರ ಗಲಭೆ, ಅದರ ಬೆನ್ನಿಗೆ ಯುದ್ಧ ಎಂದು ಸ್ವಲ್ಪ ಸಮಯದಲ್ಲೇ ಹಡಗೂ ನಿಂತಿತು. ಅಕ್ಕ ಅಲ್ಲಿ, ತಮ್ಮ ಇಲ್ಲಿ ಎಂದಿದ್ದವರು ಹಾಗೆಯೇ ಉಳಿದರು.

ಈಗ ಪುನಃ ಧನುಷ್ಕೋಟಿಯ ಜಪ ಶುರುವಾಗಿದೆ. 2019ರ ಮಾರ್ಚ್ 1ರಂದು ರಾಮೇಶ್ವರದಿಂದ ಧನುಷ್ಕೋಟಿಗೆ ಹೊಸ ಹಳಿಗೆ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. 2025ರ ಏಪ್ರಿಲ್ 6ರಂದು ಪಾಂಬನ್ನಿನಲ್ಲಿ ಲಿಫ್ಟಿನ ಹಾಗೆ ಮೇಲೇಳುವ ಹೊಸ ಸೇತುವೆಯೂ ತೆರೆಯಿತು. ಅತ್ತ ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರಿನ ಹಳಿಯನ್ನು ನಮ್ಮ ದೇಶದ ಕಂಪೆನಿಯೇ ಕಟ್ಟಿಕೊಟ್ಟು 2015ರಲ್ಲಿ ರೈಲು ಬಿಟ್ಟಾಯಿತು. ಎರಡೂ ದಡದಲ್ಲಿ ರೈಲಿಗೆ ಖರ್ಚಾಯಿತು, ನಡುವಿನ ಹಡಗಿಗೆ ಯಾರೂ ಕೈ ಹಾಕಲಿಲ್ಲ. 2023ರಲ್ಲಿ ನಾಗಪಟ್ಟಣದಿಂದ ಕಂಕೇಸಂತುರೈಗೆ ಒಂದು ಹಡಗು ಹೊರಟಿತು. ಅದು ಜಾಫ್ನಾದ ದಾರಿ, ಚಹಾ ಗುಡ್ಡದ ದಾರಿಯಲ್ಲ. ಧನುಷ್ಕೋಟಿಗೆ ರೈಲು ಬೇಡ ಎನ್ನಲು ನಾವ್ಯಾರು? ಬರಲಿ. ಆದರೆ ಫೋಟೋ ಹೊಡೆಯುವವರಿಗೆ ಮಾತ್ರ ರೈಲು, ಆ ಮಾರ್ಗದಲ್ಲಿ ಅತ್ತು ಬಂದವರಿಗೆ ಏನೂ ಇಲ್ಲ ಎಂದಾದರೆ ಅದು ಸ್ಟೇಷನ್ ಅಲ್ಲ, ಜಾತ್ರೆಯ ತೊಟ್ಟಿಲು.

ಅಲ್ಲಿನದ್ದು ಅಲ್ಲಿನವರು ನೋಡಿಕೊಳ್ಳಲಿ, ಇಲ್ಲಿನದ್ದು ನಮ್ಮ ತಲೆ ಮೇಲಿದೆ. ರಬ್ಬರ್ ಕಾಲನಿಯ ಜನ ಇಲ್ಲಿಗೆ ಬಂದು ಅರ್ಧ ಶತಮಾನವಾಯಿತು. ಮಕ್ಕಳು ನಮ್ಮ ಶಾಲೆಯಲ್ಲಿ ಕನ್ನಡ ಕಲಿತರು, ತುಳುವಿನಲ್ಲಿ ಚೌಕಾಶಿ ಮಾಡುತ್ತಾರೆ, ಓಟು ಹಾಕುತ್ತಾರೆ. ಆದರೂ ಜಾತಿ ಸರ್ಟಿಫಿಕೇಟು ಕೇಳಿದರೆ ಮೂಲ ಎಲ್ಲಿ, ಅಜ್ಜನ ದಾಖಲೆ ಎಲ್ಲಿ ಎಂಬ ಪ್ರಶ್ನೆ. ಅಜ್ಜನ ದಾಖಲೆ ಎಲ್ಲಿರಬೇಕು ಸ್ವಾಮೀ? ಕಡಲಿನ ಆಚೆ, ಕಂಗಾಣಿಯ ಪೆಟ್ಟಿಗೆಯಲ್ಲಿ. ಆ ಕಾಗದವಿಲ್ಲದೆ ಹುಡುಗನಿಗೆ ಹಾಸ್ಟೆಲಿಲ್ಲ, ಸ್ಕಾಲರ್‌ಶಿಪ್ಪಿಲ್ಲ. ಇನ್ನು ನಿವೃತ್ತಿಯಾದ ಟ್ಯಾಪರ್ ತೋಟದ ಲೈನ್ ಮನೆ ಬಿಟ್ಟು ಹೋಗುವುದೆಲ್ಲಿಗೆ ಎಂಬುದು ಬೇರೆಯೇ ಪ್ರಶ್ನೆ.

ಎರಡು ಸರಕಾರಗಳು ಕೂತು ಕರೆಸಿಕೊಂಡ ಜನ ಇವರು, ಬೇಲಿ ಹಾರಿ ಬಂದವರಲ್ಲ. ಒಪ್ಪಂದದಡಿ ಬಂದ ಕಾಗದ ಹೆಚ್ಚಿನ ಮನೆಯ ಟ್ರಂಕಿನಲ್ಲಿ ಇಂದಿಗೂ ಇದೆ. ಅದನ್ನೇ ಮೂಲ ದಾಖಲೆ ಎಂದು ಒಪ್ಪುವ ಆದೇಶ ಬೆಂಗಳೂರಿನಿಂದ ಬರಲಿ, ಮನೆ ಅಡಿಯ ನಾಲ್ಕು ಸೆಂಟ್ಸ್ ಜಾಗದ ತೀರ್ಮಾನವೂ ಆಗಲಿ. ಜಿಲ್ಲಾಧಿಕಾರಿಗಳು ಕಾಲನಿಗಳಲ್ಲೇ ಒಂದೊಂದು ದಿನ ಕ್ಯಾಂಪು ಇಡಿಸಲಿ. ಟ್ಯಾಪಿಂಗ್ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಎರಡು ಗಂಟೆಯ ಮೇಲೆ ಬಂದು ಕೂತರೆ ಎಲ್ಲರೂ ಸಿಗುತ್ತಾರೆ.