ದಾವೆ ಹೂಡುವ ಷೇರುದಾರ ಎಲ್ಲಿದ್ದ?

‘ಆಡಳಿತ ಮಂಡಳಿ ದಾರಿ ತಪ್ಪಿದರೆ ಕಂಪನಿಯ ಪರವಾಗಿ ಷೇರುದಾರರೇ ದಾವೆ ಹೂಡಬಹುದು, ಬೇರೆ ರಕ್ಷಣೆ ಬೇಕಿಲ್ಲ’ ಎಂಬ ಲೇಖನವೊಂದರ ವಾದ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ನಿಲ್ಲುವುದಿಲ್ಲ. ಆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್‌ನ ಒಡೆತನ ಪೂರ್ತಿ ಕೇಂದ್ರ ಸರ್ಕಾರದ್ದು. ನಿರ್ದೇಶಕರನ್ನು ನೇಮಿಸಿದ್ದೂ ಅದೇ, 2001ರಲ್ಲಿ ಗಣಿಗೆ ಬೀಗ ಜಡಿದದ್ದೂ ಅದೇ. ತಾನೇ ಕೂರಿಸಿದವರ ಮೇಲೆ ಅದು ಕೋರ್ಟಿಗೆ ಹೋದೀತೇ? 2013ರ ಕಂಪನಿ ಕಾಯ್ದೆಯ 245ನೇ ಕಲಂ ಕೂಡ ಸದಸ್ಯರಿಗೆ, ಠೇವಣಿದಾರರಿಗೆ ಇಂಥ ದಾವೆಯ ಬಾಗಿಲು ತೆರೆದಿದೆ, ಕಾರ್ಮಿಕನಿಗಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಸಿಲಿಕಾ ದೂಳು ಕುಡಿದು, ಕೆಮ್ಮುತ್ತ ಮೇಲೆ ಬಂದವನ ಕೈಯಲ್ಲಿ ಷೇರುಪತ್ರ ಇರಲಿಲ್ಲ. ಆದರೂ ಗಣಿ ಮುಚ್ಚಿದ್ದರ ವಿರುದ್ಧ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಬಡಿದಾಡಿದ್ದು ಕಾರ್ಮಿಕ ಸಂಘಗಳೇ. ಆ ಕಾರ್ಮಿಕರ ಮಕ್ಕಳು ಇಂದು ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಸರ್ಕಾರಿ ಕಂಪನಿಗಳಲ್ಲಿ ಕಾರ್ಮಿಕರಿಗೂ ಈ ದಾವೆಯ ಹಕ್ಕು ಕೊಡಿ ಎಂದು ಲೇಖಕರು ಬರೆಯಬೇಕಿತ್ತು.